ಏರ್ ರೈಫಲ್ ಕಲಿಯೋಕೆ ಗನ್ ಲೈಸೆನ್ಸ್ ಬೇಕಾ?

ಮಕ್ಕಳನ್ನು ಶೂಟಿಂಗ್ ತರಬೇತಿಗೆ ಸೇರಿಸಲು ಗನ್ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಕೇಸ್ ಆಗುತ್ತದೆ ಎನ್ನುವ ಮೆಸೇಜ್ ಆಗಾಗ ಬರುತ್ತದೆ. ಇದು ತಪ್ಪು.

ಮಕ್ಕಳು ಸಾಮಾನ್ಯವಾಗಿ ಮೊದಲು ಕಲಿಯುವುದು 10 ಮೀಟರ್ ಏರ್ ರೈಫಲ್. ಅದರಲ್ಲಿ ಮದ್ದಿಲ್ಲ. ಒತ್ತಿಟ್ಟ ಗಾಳಿ 4.5 ಮಿಲಿಮೀಟರ್ ಪೆಲೆಟ್ (ಪುಟ್ಟ ಲೋಹದ ಗುಂಡು) ಅನ್ನು ತಳ್ಳುತ್ತದೆ, ಅಷ್ಟೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆ ಮೀರದ, 20 ಜೌಲ್‌ಗಿಂತ ಜಾಸ್ತಿ ಶಕ್ತಿಯಿಲ್ಲದ ಏರ್ ಗನ್‌ಗೆ ಲೈಸೆನ್ಸ್ ಬೇಡ. 50 ಮೀಟರ್ ಸ್ಪರ್ಧೆಯ .22 ರೈಫಲ್ ಬೇರೆ. ಅದು ಮದ್ದಿನ ಬಂದೂಕು, ಲೈಸೆನ್ಸ್ ನಿಯಮ ಅದಕ್ಕಿದೆ. ಗೊಂದಲ ಹುಟ್ಟುವುದು ಬಹುಶಃ ಇಲ್ಲೇ.

ಹಂಚುವವರ ಕಾಳಜಿ ನಿಜವಾದದ್ದು. ಆದರೂ ಮೆಸೇಜ್‌ನಲ್ಲಿ ಯಾವ ನಿಯಮ, ಯಾವ ವರ್ಷ ಅಂತ ಇದೆಯಾ ನೋಡಿ. ನಿಯಮಗಳ ಪ್ರತಿ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಗನ್ನಿನ ಕ್ಯಾಲಿಬರ್, ಅಂದರೆ ನಳಿಕೆಯ ಒಳ ಅಳತೆ, ಸಾಮಾನ್ಯವಾಗಿ ಅದರ ಮೇಲೆ ಅಥವಾ ಖರೀದಿ ರಸೀದಿಯಲ್ಲಿ ಇರುತ್ತದೆ.