ಸತ್ಯಾಂಶ: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಯೇ?

ಮೀನೂಟದ ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆ, ಮುಟ್ಟಿದರೆ ಹರಡುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಎರಡೂ ಸುಳ್ಳು. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್‌ಗಳನ್ನು ದೇಹದ್ದೇ ರೋಗನಿರೋಧಕ ಟಿ ಕೋಶಗಳು ಕೊಲ್ಲುವುದರಿಂದ ಬಿಳಿ ಮಚ್ಚೆ ಮೂಡುತ್ತದೆ. ಇದು ಸೋಂಕಲ್ಲ, ಕುಷ್ಠವೂ ಅಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕುಂದುತ್ತದೆ. ತೊನ್ನಿನಲ್ಲಿ ಹಾಗೇ ಉಳಿಯುತ್ತದೆ.

ಎಚ್ಚರ ಬೇಕಿರುವುದು ಸ್ಟಿಕ್ಕರ್ ಬಿಂದಿಯ ಬಗ್ಗೆ. ಕೆಲವು ಬಿಂದಿಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಮೆಲನೋಸೈಟ್‌ಗಳಿಗೆ ವಿಷ. ಬೊಟ್ಟಿನ ಜಾಗ ಬಿಳುಪೇರಿದರೆ ಅಂದೇ ನಿಲ್ಲಿಸಿ. ತೊನ್ನು ಇರುವವರಿಗೆ ಲಂಗದ ಲಾಡಿ ಬಿಗಿದು ಉಜ್ಜುವ ಸೊಂಟದಲ್ಲೂ ಹೊಸ ಮಚ್ಚೆ ಬರಬಹುದು.

ಚಿಕಿತ್ಸೆಯೇ ಇಲ್ಲ ಎನ್ನುವುದೂ ತಪ್ಪು. 311 ನ್ಯಾನೊಮೀಟರ್‌ನ ನ್ಯಾರೋಬ್ಯಾಂಡ್ ಯುವಿಬಿ (ನೇರಳಾತೀತ) ಬೆಳಕನ್ನು ವಾರಕ್ಕೆ 2–3 ಬಾರಿ, ತಿಂಗಳುಗಟ್ಟಲೆ ಕೊಡುತ್ತಾರೆ. 2022ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 12 ವರ್ಷ ಮತ್ತು ಮೇಲ್ಪಟ್ಟವರಿಗೆ ಶೇ. 1.5ರ ರಕ್ಸೊಲಿಟಿನಿಬ್ ಕ್ರೀಮನ್ನು ಅನುಮೋದಿಸಿತು: ದಿನಕ್ಕೆ 2 ಸಲ, ದೇಹದ ಶೇ. 10 ಮೀರದ ಜಾಗಕ್ಕೆ, ವೈದ್ಯರ ನಿಗಾದಲ್ಲಿ. ಫಲ ಕಾಣಲು 24 ವಾರ ದಾಟಬಹುದು, ಎರಡೇ ತಿಂಗಳಿಗೆ ದಯವಿಟ್ಟು ಕೈಬಿಡಬೇಡಿ. ಮುಖಕ್ಕೆ ಬಣ್ಣ ಬೇಗ ಮರಳುತ್ತದೆ. ಬೆರಳ ತುದಿಗೆ ತೀರಾ ನಿಧಾನ. ಹೊಸ ಮೆಲನೋಸೈಟ್‌ಗಳು ಬರುವುದು ಮುಖ್ಯವಾಗಿ ಕೂದಲ ಬುಡದಿಂದ, ಬೆರಳ ತುದಿಯಲ್ಲಿ ಕೂದಲೇ ಇಲ್ಲ.

ಬಾವಂಚಿ ಎಣ್ಣೆ ಹಚ್ಚಿ ಬಿಸಿಲಲ್ಲಿ ನಿಲ್ಲುವ ಮನೆಮದ್ದು ಬೇಡ. ಅದರಲ್ಲಿನ ಸೊರಾಲೆನ್ ಬಿಸಿಲಿಗೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಆ ಗಾಯದಲ್ಲೇ ಮಚ್ಚೆ ಹಿಗ್ಗಬಹುದು.