ಸಪಾಟು ನೀರು ನೋಡಿ ಮೋಸ ಹೋಗಬೇಡಿ

ಗ್ರೀಸ್‌ನ ರೋಡ್ಸ್ ದ್ವೀಪದ ದಕ್ಷಿಣ ತುದಿಯ ಪ್ರಸೊನಿಸಿಯಲ್ಲಿ ಅಲೆ ಇಲ್ಲದ ಕಡೆ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ, ಅಂದರೆ ಕೈಟ್, ಎಳೆಯುತ್ತಿದ್ದಂತೆ ಹಲಗೆ ಮೇಲೆ ನಿಂತು ನೀರಲ್ಲಿ ಸಾಗುವ ಆಟ) ಕಲಿಯುವುದು ಸುಲಭ ಅಂತ ಬರೆದಿದ್ದೀರಿ. ಅರ್ಧ ನಿಜ ಸರ್. ಅಲ್ಲಿರುವುದು ಒಂದು ಮರಳಿನ ಪಟ್ಟಿ, ಈ ಕಡೆ ಏಜಿಯನ್, ಆ ಕಡೆ ಮೆಡಿಟರೇನಿಯನ್. ಬೇಸಿಗೆಯ ಮೆಲ್ಟೆಮಿ ಗಾಳಿ ವಾಯವ್ಯದಿಂದ ಬಂದು ಏಜಿಯನ್ ಕಡೆ ಅಲೆ ಎಬ್ಬಿಸುತ್ತದೆ, ಪಟ್ಟಿ ದಾಟಿದ ಮೇಲೆ ನೀರು ಸಪಾಟು. ಆದರೆ ಅಲ್ಲಿ ಅದೇ ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತಿರುತ್ತದೆ, ಅಲ್ವಾ? ಕೈಟ್ ನೀರಿಗೆ ಬಿದ್ದು ಮತ್ತೆ ಏಳದಿದ್ದರೆ ನೀವು ಹೋಗುವುದು ದಡಕ್ಕಲ್ಲ, ನಡು ಸಮುದ್ರಕ್ಕೆ. ರಕ್ಷಣಾ ದೋಣಿ ಇದೆಯಾ ಅಂತ ಕೇಳದೆ ಹೊಸಬರು ಇಳಿಯಲೇಬಾರದು.

ಕೈಟ್ ಸೈಜ್ ಬಗ್ಗೆಯೂ ಒಂದು ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟಿದರೆ 75 ಕೆಜಿ ತೂಕದವರಿಗೂ 12 ಚದರ ಮೀಟರ್ ಕೈಟ್ ತೀರಾ ದೊಡ್ಡದು, 7–8 ಸಾಕು. ಸುಮ್ನೆ ಧೈರ್ಯ ತೋರಿಸಬೇಡಿ.

ಅಂದ ಹಾಗೆ ಈ ಗಾಳಿಗೂ ನಮ್ಮ ಮುಂಗಾರಿಗೂ ನಂಟಿದೆ. ಏಷ್ಯಾದ ಮುಂಗಾರಿನ ಕಡಿಮೆ ಒತ್ತಡ ಟರ್ಕಿವರೆಗೂ ಚಾಚಿಕೊಂಡಿರುತ್ತದೆ, ಬಾಲ್ಕನ್ ಕಡೆ ಒತ್ತಡ ಜಾಸ್ತಿ, ಇವೆರಡರ ನಡುವೆ ನುಗ್ಗುವುದೇ ಮೆಲ್ಟೆಮಿ. ಹಾಗಾಗಿ ಜುಲೈ, ಆಗಸ್ಟ್‌ನಲ್ಲೇ ಹೋಗಿ. ಚಳಿಗಾಲದಲ್ಲಿ ಆ ಮರಳಿನ ಪಟ್ಟಿಯೇ ನೀರಿನಡಿ ಇರಬಹುದು.