ಹಂಡೆ ಗುಡುಗಿನ ದೊರೆ

ಗ್ರೀಕ್ ಪುರಾಣದಲ್ಲಿ ಸಾಲ್ಮೋನಿಯಸ್ ಅಂತ ಒಬ್ಬ ರಾಜ. ದೊಡ್ಡ ಹೆಸರೇನಲ್ಲ. ಥೆಸಲಿಯಿಂದ ಇಳಿದು ಬಂದು ಎಲಿಸ್ ಸೀಮೆಯಲ್ಲಿ ಒಂದು ಊರು ಕಟ್ಟಿದ. ಊರಿನ ಹೆಸರು ಸಾಲ್ಮೋನಿ. ಊರು ಕಟ್ಟಿದವನು ತನ್ನ ಹೆಸರಿನ ಬೋರ್ಡು ಹಾಕಿಕೊಳ್ಳುವುದು ಮಾಮೂಲು, ಬಿಡಿ. ಆದರೆ ಒಂದು ದಿನ ದೊರೆ, "ಜೀಯಸ್ ಅಂದ್ರೆ ನಾನೇ" ಅಂದುಬಿಟ್ಟ. ದೇವರಾಜನಿಗೆ ಕೊಡುತ್ತಿದ್ದ ಬಲಿ ಇನ್ನು ಮೇಲೆ ತನಗೇ ಸಲ್ಲಬೇಕು ಅಂತ ಅಪ್ಪಣೆಯಾಯಿತು. ಹೋರಿ ಅದೇ, ಪೂಜಾರಿ ಅವನೇ, ವಿಳಾಸ ಮಾತ್ರ ಬದಲು.

ದೇವರಾದ ಮೇಲೆ ಗುಡುಗಬೇಕಲ್ವಾ? ರಥದ ಹಿಂದೆ ಒಣಗಿದ ತೊಗಲು, ಅದರ ಜೊತೆ ಕಂಚಿನ ಹಂಡೆಗಳನ್ನು ಕಟ್ಟಿಸಿದ. 4 ಕುದುರೆ ಓಡಿದವು. ಹಂಡೆಗಳು ನೆಲಕ್ಕೆ ಬಡಿದು ಢಣಢಣ ಅಂದವು. ಅದು ಗುಡುಗು. ಉರಿಯುವ ಪಂಜನ್ನು ಬೀಸಿ ಆಕಾಶಕ್ಕೆ ಎಸೆದ. ಅದು ಮಿಂಚು. ಸದ್ದು ಸಾಲದು ಅನಿಸಿತೋ ಏನೋ, ಒಂದು ಕಂಚಿನ ಸೇತುವೆಯನ್ನೂ ಕಟ್ಟಿಸಿದ್ದನಂತೆ. ಜನ ಹೊಳೆ ದಾಟಲಿ ಅಂತಲ್ಲ, ರಥ ಅದರ ಮೇಲೆ ಓಡಿದಾಗ ಚೆನ್ನಾಗಿ ಗುಡುಗಲಿ ಅಂತ. ಇನ್ನು ಮಳೆ? ಗುಡುಗು, ಮಿಂಚು ಎರಡಕ್ಕೂ ಬರವಿಲ್ಲದ ಈ ಆಡಳಿತದಲ್ಲಿ ಒಂದು ಹನಿ ನೀರು ಬಿದ್ದ ದಾಖಲೆಯಿಲ್ಲ.

ಆ ದಾರಿಯ ಪಕ್ಕ ಮನೆ ಮಾಡಿಕೊಂಡಿದ್ದವರ ಗತಿ ನೆನೆಸಿಕೊಳ್ಳಿ. ಮಗು ಆಗಷ್ಟೇ ಕಣ್ಣು ಮುಚ್ಚಿರುತ್ತದೆ, ದೇವರ ಸವಾರಿ ಬರುತ್ತದೆ. ಅಜ್ಜಿ ಬೆಚ್ಚಿಬಿದ್ದು ಎದ್ದು, "ಲೋ, ಅಂಗಳದ ಕಾಳು ಒಳಗೆ ತಗೊಳ್ರೋ" ಅಂತ ಕೂಗುತ್ತಾಳೆ. ಹೊರಗೆ ನೋಡಿದರೆ ಸುಡು ಬಿಸಿಲು. ಮೇಲೆ ಎಸೆದ ಪಂಜು ಅಲ್ಲೇ ನಿಲ್ಲುವುದಿಲ್ಲ, ಯಾರದೋ ಬಣವೆಯ ಮೇಲೆ ಬೀಳಲೇಬೇಕು. ರೋಮಿನ ಕವಿ ವರ್ಜಿಲನ ಕಾವ್ಯಕ್ಕೆ ಟೀಕೆ ಬರೆದ ಸರ್ವಿಯಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಪಂಜು ಯಾರ ಕಡೆ ಎಸೆದನೋ ಅವರನ್ನು ಕೊಲ್ಲಲು ದೊರೆಯ ಅಪ್ಪಣೆಯಿತ್ತಂತೆ. ಸರಿಯೇ ಅಲ್ವಾ? ಸಿಡಿಲು ಬಡಿದವನು ಮೈ ಕೊಡವಿಕೊಂಡು ಮನೆಗೆ ಹೋದರೆ ದೇವರ ಮರ್ಯಾದೆ ಏನಾಗಬೇಕು!

ಇದು ಮನೆತನದ ಕಾಯಿಲೆ. ಅಪ್ಪ ಈಯೋಲಸ್‌ಗೆ 7 ಗಂಡು, 5 ಹೆಣ್ಣು. ಮಗಳು ಅಲ್ಸಿಯೋನಿ ಗಂಡನನ್ನು ಜೀಯಸ್ ಅಂತ ಕರೆಯುತ್ತಿದ್ದಳು, ಅವನು ಇವಳನ್ನು ಜೀಯಸ್‌ನ ರಾಣಿ ಹೀರಾ ಅನ್ನುತ್ತಿದ್ದ. ಇಬ್ಬರನ್ನೂ ಹಕ್ಕಿ ಮಾಡಿ ಹಾರಿಸಿದರು. ಇನ್ನೊಬ್ಬ ಮಗ ಅಥಾಮಸ್. ಅವನ ಎರಡನೇ ಹೆಂಡತಿ ಮಲಮಗನನ್ನು ಮುಗಿಸಲು ಬಿತ್ತನೆ ಗೋಧಿಯನ್ನೇ ಹುರಿಸಿಟ್ಟು ನಾಡಿಗೆಲ್ಲ ಬರ ತಂದಳು. ಸಾವಿಗೇ ಟೋಪಿ ಹಾಕಿ, ಈಗ ಪಾತಾಳದಲ್ಲಿ ಬಂಡೆ ಉರುಳಿಸುತ್ತಿರುವ ಸಿಸಿಫಸ್ ಕೂಡ ಇದೇ ಮನೆಯವನು. ಅವನಿಗೂ ಸಾಲ್ಮೋನಿಯಸ್‌ಗೂ ಎಣ್ಣೆ ಸೀಗೇಕಾಯಿ.

ಸಾಲ್ಮೋನಿಯಸ್‌ನ ಮಗಳು ಟೈರೊ ಪಾಪದವಳು. ಮಲತಾಯಿ ಸಿಡೆರೊಳ ಕೈಯಲ್ಲಿ ಪೆಟ್ಟು ತಿಂದವಳು. ಅವಳು ಎನಿಪಿಯಸ್ ಎಂಬ ನದಿಗೆ ಮನಸೋತಳು. ಕಡಲ ದೇವರು ಪೊಸೈಡನ್ ಆ ನದಿಯ ವೇಷದಲ್ಲೇ ಬಂದ. ಅವಳಿ ಮಕ್ಕಳಾದವು. ತಮಾಷೆ ನೋಡಿ, ಅಪ್ಪ ಹಂಡೆ ಬಡಿದು ದೇವರಾಗಲು ಒದ್ದಾಡುತ್ತಿದ್ದರೆ, ನಿಜವಾದ ದೇವರೊಬ್ಬ ಸದ್ದಿಲ್ಲದೆ ಅಳಿಯನಾಗಿದ್ದ.

ಕೊನೆಗೆ ಜೀಯಸ್ ಅಸಲಿ ಸಿಡಿಲು ಒಂದೇ ಒಂದು ಬಿಟ್ಟ. ದೊರೆ ಭಸ್ಮ. ಅಲ್ಲಿಗೇ ನಿಲ್ಲಿಸಿದ್ದರೆ ನ್ಯಾಯ ಅನ್ನಬಹುದಿತ್ತು. ಆದರೆ ಊರನ್ನೂ ಅದರೊಳಗಿನ ಜನರನ್ನೂ ಸೇರಿಸಿ ಅಳಿಸಿಹಾಕಿದ ಅಂತ ಅಪೊಲೊಡೋರಸ್ ಬರೆದದ್ದು ಎನ್ನುವ ಹಳೆಯ ಗ್ರೀಕ್ ಪುರಾಣಗ್ರಂಥ ಹೇಳುತ್ತದೆ. ಗುಡುಗು ಕೇಳಿ ನಿದ್ದೆಗೆಟ್ಟವರು, ಬಣವೆ ಕಳೆದುಕೊಂಡವರು, ಎಲ್ಲರೂ ಒಂದೇ ಲೆಕ್ಕಕ್ಕೆ. ನಮ್ಮ ಪುರಾಣವೂ ಇದಕ್ಕೆ ಹೊರತಲ್ಲ. ನಾನೇ ವಾಸುದೇವ ಅಂದವನು ಪೌಂಡ್ರಕ, ಆ ಜಗಳದ ಕೊನೆಗೆ ಸುದರ್ಶನ ಸುಟ್ಟದ್ದು ಕಾಶಿ ಪಟ್ಟಣವನ್ನು.

ದೊರೆಯ ಮನೆತನಕ್ಕೆ ಮಾತ್ರ ಏನೂ ಆಗಲಿಲ್ಲ. ಮಗಳು ಚಿಕ್ಕಪ್ಪ ದೊಡ್ಡಪ್ಪಂದಿರಲ್ಲೇ ಒಬ್ಬನಾದ ಕ್ರೀಥಿಯಸ್‌ನನ್ನು ಮದುವೆಯಾಗಿ ರಾಣಿಯಾದಳು. ಅವಳಿ ಮೊಮ್ಮಕ್ಕಳಲ್ಲಿ ಪೆಲಿಯಾಸ್‌ಗೆ ಇಯೋಲ್ಕಸ್ ರಾಜ್ಯ, ನೀಲಿಯಸ್‌ಗೆ ಪೈಲೋಸ್ ರಾಜ್ಯ. ವರ್ಜಿಲ್ ಏನೋ ಸಾಲ್ಮೋನಿಯಸ್‌ನನ್ನು ನರಕಕ್ಕೆ ಹಾಕಿದ. ಆದರೆ ಅವನಿಗಿಂತ ಎಷ್ಟೋ ಮೊದಲೇ ಹೋಮರ್, ಪಾತಾಳದಲ್ಲಿ ಟೈರೊಳ ನೆರಳು ಕಂಡಾಗ, ಅವಳು 'ದೋಷವಿಲ್ಲದ ಸಾಲ್ಮೋನಿಯಸ್'ನ ಮಗಳು ಅಂತ ಬರೆದು ಕ್ಲೀನ್ ಚಿಟ್ ಕೊಟ್ಟಾಗಿತ್ತು. ನೀಲಿಯಸ್‌ನ ಮಗನೇ ನೆಸ್ಟರ್. ಟ್ರಾಯ್ ಯುದ್ಧದಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಹಿರಿಯ. ಮಾತಿಗೆ ಕೂತರೆ ಪ್ರಾಯದ ಕಾಲದ ಸಾಹಸವನ್ನೆಲ್ಲ ಎಳೆಎಳೆಯಾಗಿ ಬಿಡಿಸುತ್ತಾನೆ. ಮುತ್ತಜ್ಜನ ಹಂಡೆಯ ಸುದ್ದಿ ಮಾತ್ರ ಅಪ್ಪಿತಪ್ಪಿಯೂ ಎತ್ತುವುದಿಲ್ಲ.